ತುಳಿದವರ ಮಕ್ಕಳು

ಗೊಟೊ ದ್ವೀಪ
12 ಮಾರ್ಚ್ 1994

ತಂಗಿ ತೊಶಿಯೆ,

ನಿನ್ನ ಅಕ್ಕನಿಂದ ಒಂದು ಜಯಕಾರ! ಒಸಾಕಾದಲ್ಲಿ ಕೂತಲ್ಲೇ ಕೇಳು: ಮೊನ್ನೆ ನಮ್ಮಮ್ಮ ಸಿನಿಮಾದವರ ವಿರುದ್ಧ ಮುಷ್ಕರ ಹೂಡಿ ಗೆದ್ದಳು.

ಕ್ರೈಸ್ತಧರ್ಮವನ್ನು ನಿಷೇಧಿಸಿ, ದೂರದೇಶದ ಪಾದ್ರಿಗಳನ್ನು ಬೇಟೆಯಾಡಿ ಕೊಂದ ಕಾಲದ ಸಿನಿಮಾ. ಚಿತ್ರೀಕರಣ ನಮ್ಮೂರ ದಂಡೆಯಲ್ಲೇ. ನಾವು ನಲವತ್ತು ಜನ ಹರಕು ಬಟ್ಟೆ ತೊಟ್ಟು ಆ ಕಾಲದ ರೈತರಾಗಿ ನಿಂತಿದ್ದೆವು. ಯಾರು ಕ್ರೈಸ್ತರೆಂದು ಪರೀಕ್ಷಿಸಲು ಅಧಿಕಾರಿ ಯೇಸುವಿನ ಚಿತ್ರದ ಫಲಕವನ್ನು ನೆಲಕ್ಕಿಡುತ್ತಾನೆ. ತುಳಿದವನು ಮನೆಗೆ, ತುಳಿಯದವನು ಕಡಲೊಳಗಿನ ಕಂಬಕ್ಕೆ.

ನಿರ್ದೇಶಕ ಕುನಿಮೊತೊ ಕೂಗಿದ: "ಎಲ್ರೂ ತಲೆ ಎತ್ಕೊಂಡು ಸಾಯಿರಿ. ಒಬ್ಬ ಮಾತ್ರ ತುಳೀತಾನೆ. ಅವನೇ ದ್ರೋಹಿ."

ಅಮ್ಮ ಮರಳಿನ ಮೇಲೆ ಕೂತೇಬಿಟ್ಟಳು. "ಮಗಾ, ಎಲ್ರೂ ಸತ್ತಿದ್ರೆ ನಿನ್ ಸಿನಿಮಾದಲ್ಲಿ ನಿಲ್ಲೋಕೆ ನಾವೆಲ್ಲಿಂದ ಬರ್ತಿದ್ವಿ?"

"ಅಜ್ಜಿ, ಇದು ಹುತಾತ್ಮರ ಕಥೆ."

"ಸತ್ತೋರಿಗೆ ಕಲ್ಲು ನಿಲ್ಸಿದೀರಿ. ತುಳಿದೋರಿಗೆ? ನಮ್ಮೋರು ಪ್ರತಿ ಹೊಸವರ್ಷ ತುಳಿದು ಬಂದು, ಬಾಗಿಲು ಹಾಕ್ಕೊಂಡು ಕಾಲು ತೊಳೆದು, ಪಾಪ ಕಳೀಲಿ ಅಂತ ಆ ನೀರು ಕುಡಿದು ಅಳ್ತಿದ್ರಂತೆ. ಇನ್ನೂರು ವರ್ಷ ಪ್ರಾರ್ಥನೆ ಉಳಿಸಿದ್ದು ಅವರು. ನಮ್ಮ ಮುತ್ತಜ್ಜೀನ ದ್ರೋಹಿ ಅನ್ನೋಕೆ ನೀನ್ಯಾರೋ?"

ಮೀನು ಕಾರ್ಖಾನೆಯ ಕಾರ್ಮಿಕ ಸಂಘ ಕಟ್ಟಿದ ನನಗೆ ಇನ್ನೇನು ಬೇಕು? ನಾನೂ ಕೂತೆ. ಊರೇ ಕೂತಿತು. ಪಾದ್ರಿಯ ಪಾತ್ರಧಾರಿ ಕೂಡ ಕಂಬದಿಂದ ಕಟ್ಟು ಬಿಚ್ಚಿಸಿಕೊಂಡು ಬಂದು ನಮ್ಮ ಪಕ್ಕ ಕೂತ! ಉಬ್ಬರದ ನೀರು ಕ್ಯಾಮೆರಾದ ಕಾಲಿಗೆ ಬಂತು. ಕುನಿಮೊತೊ ಕೈ ಮುಗಿದ: "ಆಯ್ತು ಅಜ್ಜಿ, ಹೇಗಂತ ನೀವೇ ತೋರಿಸಿ."

ಈಗ ಸಿನಿಮಾದಲ್ಲಿ ಊರೇ ತುಳಿಯುತ್ತದೆ. ಊರೇ ಕಾಲು ತೊಳೆಯುತ್ತದೆ. ನೀರು ಕುಡಿಯುವಾಗ ಮುಖ ಸಿಂಡರಿಸಿದ ನಾಯಕಿಗೆ ಅಮ್ಮ, "ಇದು ಮಿಸೊ ಸಾರಲ್ಲ ಕಣಮ್ಮ, ರುಚಿ ನೋಡ್ಬೇಡ, ನುಂಗು" ಎಂದಳು.

ಬದುಕಿ ಉಳಿಯುವುದೂ ಹೋರಾಟವೇ ತಂಗಿ. ಇದನ್ನು ನಮ್ಮ ಸಂಘದ ಗೋಡೆಯ ಮೇಲೆ ಬರೆಸುತ್ತೇನೆ.

ಬಿಡುವು ಮಾಡಿಕೊಂಡು ಬಾ.
ನಿನ್ನ ಅಕ್ಕ,
ಮಿಸಾವೊ

ತಾ.ಕ.: ಮರುದಿನ ಅಮ್ಮ ಇಲ್ಲದಾಗ, ತುಳಿಯುವ ಪಾದವನ್ನು ಹತ್ತಿರದಿಂದ ತೋರಿಸಲು ನನ್ನನ್ನೇ ಆರಿಸಿದರು. ಇಪ್ಪತ್ತು ವರ್ಷ ಚರ್ಚಿನ ಮೆಟ್ಟಿಲು ಹತ್ತದವಳು, ದೇವರಿಲ್ಲವೆಂದು ನಿನ್ನೊಡನೆ ಜಗಳಾಡಿದವಳು ನಾನು. ಫಲಕವೋ ಬರೀ ಪ್ಲಾಸ್ಟರು. ಏಳು ಸಲ ಕಾಲೆತ್ತಿದೆ, ಇಳಿಯಲಿಲ್ಲ. ಕೊನೆಗೆ ಬುದ್ಧನ ಗುಡಿಯ ಪೂಜಾರಿಯ ಹೆಂಡತಿ, "ಆಚೆ ಸರಿಯೇ, ನಂಗ್ಯಾವ ಪಾಪ?" ಎಂದು ಬಂದು ತುಳಿದಳು. ಅದು ನನ್ನ ಪಾದವೆಂದೇ ಅಮ್ಮನಿಗೆ ಹೇಳಿದ್ದೇನೆ. ಬಾಯಿಬಿಟ್ಟೀಯೆ ಜೋಕೆ! ಗೊತ್ತಾದರೆ ಈ ಭಾನುವಾರವೇ ನನ್ನನ್ನು ಚರ್ಚಿಗೆ ಎಳೆದೊಯ್ಯುತ್ತಾಳೆ.