ಸುಶೀಲವ್ವನ ಹೆಬ್ಬೆರಳು, ತಮ್ಮ ಶಿಬಿರದ ಹಳದಿ ಛತ್ರಿ

ಮಾನ್ಯ ಡಿಜಿಟಲ್ ಸುರಕ್ಷತಾ ಅಧಿಕಾರಿಗಳೇ,

ಬರುವ ಸೋಮವಾರ ಮುಶಿಗೇರಿಯ ಸುಶೀಲವ್ವ, ತಾನು ಜನ್ಮದಲ್ಲಿ ನೋಡದ ಊರಿನ ಪೊಲೀಸ್ ಠಾಣೆಗೆ ಹೋಗಿ, ತಾನು ಕಳ್ಳಿಯಲ್ಲ ಎಂದು ಹೇಳಿಕೆ ಕೊಡಬೇಕಾಗಿದೆ. ಅವಳ ಹೆಸರಿನ ಸಿಮ್ಮಿನಿಂದ ಯಾರಿಗೋ ಮೋಸದ ಕರೆ ಹೋಗಿದೆಯಂತೆ. ಆ ನಂಬರು ಅವಳಿಗೆ ಗೊತ್ತಿಲ್ಲ, ಆ ಸಿಮ್ಮನ್ನು ಅವಳು ಕಣ್ಣಿನಿಂದ ಕಂಡಿಲ್ಲ. ಅದು ಹೇಗೆ ಹುಟ್ಟಿತು ಎಂಬುದಕ್ಕೆ ಠಾಣೆಯವರು ನಂಬುವಂಥ ಸಾಕ್ಷಿ ಒಬ್ಬರೇ ಇದ್ದಾರೆ. ಅವರು ತಾವು. ತಮ್ಮ ಕಚೇರಿಗೆ ಬಂದಾಗಲೆಲ್ಲ ತಾವು ಸಭೆಯಲ್ಲಿದ್ದಿರಿ. ಆದ್ದರಿಂದ ನಾಲ್ಕು ಜನ ಓದುವ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮುಶಿಗೇರಿಯಲ್ಲಿ ಹಿಟ್ಟಿನ ಗಿರಣಿ ನಡೆಸುವವನು. ನಮ್ಮ ಓಣಿಯಲ್ಲಿ ಸಿಗ್ನಲ್ ಸಿಗುವುದು ಸುಶೀಲವ್ವನ ಮನೆಯಲ್ಲಿ ಮಾತ್ರ, ಏಕೆಂದರೆ ಅವಳ ಮನೆ ದಿನ್ನೆಯ ಮೇಲಿದೆ. ಹಾಗಾಗಿ ಗ್ಯಾಸು, ಪಿಂಚಣಿ, ಬೆಳೆ ವಿಮೆ, ಮಕ್ಕಳ ಶಾಲೆ, ಎಲ್ಲಿ ಮೊಬೈಲ್ ನಂಬರು ಕೇಳಿದರೂ ಓಣಿಯವರೆಲ್ಲ ಬರೆಸಿದ್ದು ಅವಳದೇ ನಂಬರು. ಒಟಿಪಿ ಬಂದೊಡನೆ ಅವಳು ಕಟ್ಟೆಯ ಮೇಲೆ ನಿಂತು ಕೂಗುತ್ತಿದ್ದಳು: "ಮಾಳಪ್ಪಾ, ನಿನ್ನ ಗ್ಯಾಸಿಂದು ಬಂತೋ! ನಾಕು, ಸೊನ್ನಿ, ಏಳು..." ಕೆಳಗಿನ ಹಟ್ಟಿಯಿಂದ ಮಾಳಪ್ಪ, "ಇನ್ನೊಮ್ಮೆ ಹೇಳಬೇ ಯವ್ವಾ, ಕುರಿ ಒದರಾಕ ಹತ್ಯಾವ!" ಎನ್ನುತ್ತಿದ್ದ. ಗುಟ್ಟಿನ ಸಂಖ್ಯೆಯನ್ನು ಊರಿಗೆಲ್ಲ ಕೂಗಿ ಹೇಳುವುದು ತಪ್ಪು ಎಂದು ತಮ್ಮ ಭಿತ್ತಿಪತ್ರದಲ್ಲಿದೆ. ಒಪ್ಪುತ್ತೇನೆ, ತಪ್ಪೇ. ಆದರೆ ಅಷ್ಟು ವರ್ಷ ಕೂಗಿದರೂ ಒಬ್ಬರ ಸಿಲಿಂಡರು ಇನ್ನೊಬ್ಬರ ಮನೆಗೆ ಹೋಗಲಿಲ್ಲ. ನಾವು ಟವರ್ ಬೇಕೆಂದು ಅರ್ಜಿ ಕೊಟ್ಟಿದ್ದೆವು. ಟವರ್ ಬರಲಿಲ್ಲ, ತಮ್ಮ ಯಂತ್ರ ಬಂತು.

ನರಗುಂದದ ಸಭಾಭವನದಲ್ಲಿ ತಾವು ಅದನ್ನು ಪರಿಚಯಿಸಿದ ದಿನ ವ್ಯಾಪಾರಸ್ಥರ ಸಾಲಿನಲ್ಲಿ ನಾನೂ ಕುಳಿತಿದ್ದೆ. ಮೊದಲು ಚೆನ್ನಾಗಿ ಹೆದರಿಸಿದಿರಿ. ಕೃತಕ ಬುದ್ಧಿಮತ್ತೆ ಮಗನ ದನಿಯಲ್ಲಿ ಅಳುತ್ತದೆ, ದೊಡ್ಡವರ ದನಿಯಲ್ಲಿ ಆಜ್ಞೆ ಮಾಡುತ್ತದೆ, ಇನ್ನು ಕಣ್ಣು ಕಿವಿ ಎರಡನ್ನೂ ನಂಬಬೇಡಿ ಎಂದಿರಿ. ಪಕ್ಕದಲ್ಲಿದ್ದ ಅಡತಿ ಅಂಗಡಿಯ ಮುತ್ತಣ್ಣ, "ಇನ್ನ ಮನಿಯಾಕಿ ಫೋನ್ ಮಾಡಿದ್ರೂ ಗುರುತಿನ ಚೀಟಿ ಕೇಳಬೇಕಲ್ಲೋ ಮಾರಾಯಾ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದ. ಆಮೇಲೆ ಧೈರ್ಯ ಕೊಟ್ಟಿರಿ. ಹೆದರಬೇಡಿ, ನಮ್ಮ ಬಳಿ ಕಳ್ಳ ನಂಬರು ಹುಡುಕುವ, ಅದಕ್ಕಿಂತ ಜಾಣ ಯಂತ್ರವಿದೆ, ಈ ಭಾಗದಲ್ಲೇ ಅದು ಒಂದು ಜಾಲವನ್ನು ಹಿಡಿದಿದೆ ಎಂದು ಪರದೆಯ ಮೇಲೆ ನಕ್ಷೆ ತೋರಿಸಿದಿರಿ. ಮುಶಿಗೇರಿಯ ಮೇಲೆ ಕೆಂಪು ಚುಕ್ಕೆ ಮಿನುಗುತ್ತಿತ್ತು. ಒಂದೇ ನಂಬರಿಗೆ ಓಣಿಯಷ್ಟು ಹೆಸರುಗಳು ಅಂಟಿಕೊಂಡಿವೆ ಎಂದಾಗ ಜೋರು ಚಪ್ಪಾಳೆ ಬಿತ್ತು. ಊರಿಗೆ ಬಂದು ನೋಡಿದರೆ ಆ ಚುಕ್ಕೆ ನಮ್ಮ ಸುಶೀಲವ್ವ, ಆ ಹೆಸರುಗಳಲ್ಲಿ ನನ್ನದೂ ಒಂದು.

ಅವಳ ಫೋನು ಅಂದೇ ಸತ್ತಿತ್ತು. ಗಜೇಂದ್ರಗಡದಲ್ಲಿ ಫೋನಿನ ಅಂಗಡಿ ಇಟ್ಟಿರುವ ಅಲ್ತಾಫ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಕಳ್ಳರ ನಂಬರ ಅಂತ ಮ್ಯಾಲಿಂದ ಬಂದ್ ಮಾಡ್ಯಾರ್ರಿ. ತಿರುಗಿ ಚಾಲೂ ಆಗಬೇಕಂದ್ರ ಆಫೀಸಿನ ಪತ್ರ ಬೇಕ್ರಿ" ಎಂದ. ತಮ್ಮ ಸಹಾಯವಾಣಿಗೆ ದೂರು ಕೊಡಲು ಹೋದೆವು. ದೂರು ದಾಖಲಾಗಬೇಕಾದರೆ ಒಟಿಪಿ ಹೇಳಬೇಕಂತೆ. ಒಟಿಪಿ ಬರುವುದು ಬಂದ್ ಮಾಡಿದ ಅದೇ ಫೋನಿಗೆ! ಇಂಥ ಏರ್ಪಾಡನ್ನು ಮನುಷ್ಯರು ಯೋಚಿಸಿದರೋ ಯಂತ್ರವೇ ಯೋಚಿಸಿತೋ, ದಯವಿಟ್ಟು ತಿಳಿಸಿ. ಇತ್ತ ಸುಶೀಲವ್ವ ಕಟ್ಟೆಯ ಮೇಲೆ ನಿಲ್ಲುವುದನ್ನೇ ಬಿಟ್ಟಳು. ಗಿರಣಿಗೆ ಜೋಳ ತಂದವಳು ಬುಟ್ಟಿ ಇಳಿಸದೆ ಕೇಳಿದಳು, "ಪ್ರಭಣ್ಣಾ, ನಾ ಯಾರದ್ದು ಏನ್ ಕದ್ದೇನಪಾ? ಮಂದೀದು ಬಂದದ್ದನ್ನ ಮಂದೀಗೇ ಹೇಳೇನಿ." ನಾನು ಗಿರಣಿ ನಿಲ್ಲಿಸಿ ಅವಳ ತಲೆಯ ಮೇಲಿನ ಬುಟ್ಟಿ ಇಳಿಸಿಕೊಂಡೆ.

ಹೀಗಿರುವಾಗ ತಮ್ಮ ಜಾಗೃತಿ ಶಿಬಿರ ನಮ್ಮ ಪಂಚಾಯ್ತಿಯ ಅಂಗಳಕ್ಕೆ ಬಂತು. ಒಬ್ಬರಿಗೊಂದು ಸ್ವಂತ ನಂಬರು ಇರಲೇಬೇಕು, ಇಲ್ಲದವರು ಅಲ್ಲಿ ಉಚಿತವಾಗಿ ಪಡೆಯಿರಿ ಎಂದು ತಾವು ಮೈಕಿನಲ್ಲಿ ಹೇಳಿ ಕೈ ತೋರಿಸಿದಿರಿ. ಅಲ್ಲಿ ಒಂದು ಹಳದಿ ಛತ್ರಿ, ಅದರ ಕೆಳಗೆ ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡ ಇಬ್ಬರು. ಸರಕಾರದ ಶಿಬಿರ, ಸಾಹೇಬರ ಮಾತು, ಓಣಿಗೆ ಓಣಿಯೇ ಸಾಲು ನಿಂತಿತು. ಸುಶೀಲವ್ವ ಎಲ್ಲರಿಗಿಂತ ಹಿಂದೆ ನಿಂತಳು. ಅವಳು ಹೆಬ್ಬೆರಳು ಒತ್ತಿದಾಗ, "ಬರಲಿಲ್ಲ ಅಮ್ಮ, ಇನ್ನೊಂದು ಸಲ ಒತ್ತಿ" ಎಂದರು. ಸೆರಗಿಗೆ ಒರೆಸಿಕೊಂಡು ಇನ್ನೊಂದು ಸಲ ಒತ್ತಿದಳು. ನಮಗೆ ಯಾರಿಗೂ ಸಂಶಯ ಬರಲಿಲ್ಲ. ಹೊಲದಲ್ಲಿ ಕಸ ತೆಗೆದು ಸವೆದ ಹೆಬ್ಬೆರಳು ರೇಷನ್ ಅಂಗಡಿಯಲ್ಲಿ ಒಂದೇ ಸಲಕ್ಕೆ ಬಂದದ್ದುಂಟೇ? "ಇನ್ನೊಮ್ಮೆ ಒತ್ರಿ" ಎಂಬುದು ನಮ್ಮಲ್ಲಿ "ಊಟ ಆತೇನ್ರಿ" ಎಂಬಷ್ಟು ಸಹಜವಾಗಿ ಹೋಗಿದೆ. ಠಾಣೆಯ ನೋಟಿಸು ಬಂದ ಮೇಲೆ ಅಲ್ತಾಫ ಹುಡುಕಿ ತೆಗೆದ: "ಬಂದ್ ಆಗಿದ್ದನ್ನ ಬಿಟ್ಟು ನಿನ್ನ ಹೆಸರಿಲೆ ಎರಡು ಸಿಮ್ ಅದಾವಬೇ, ಎರಡೂ ಅವತ್ತಿಂದ ಅದಾವ." ಬರಲಿಲ್ಲ ಎಂದ ಒತ್ತಿಗೂ ಒಂದು ಸಿಮ್ ಹುಟ್ಟಿತ್ತು. ಒಂದು ಅವಳ ಕೈಗೆ ಬಂದದ್ದು. ಇನ್ನೊಂದನ್ನು ಛತ್ರಿಯವರು ಜೇಬಿಗೆ ಹಾಕಿಕೊಂಡು ಹೋಗಿದ್ದಾರೆ.

ನಕಲಿ ದನಿ ಎಂಬುದು ಬರೀ ಬೊಗಳೆ ಎಂದು ನಾನು ಹೇಳುತ್ತಿಲ್ಲ. ಸುಶೀಲವ್ವನ ಹೆಸರಿನ ಸಿಮ್ಮಿನಿಂದ ಹೋದ ಕರೆಯಲ್ಲಿ ಯಾವುದೋ ತಾಯಿಗೆ ತನ್ನ ಮಗನ ದನಿಯೇ ಕೇಳಿಸಿತಂತೆ. ಆ ತಾಯಿಯನ್ನು ನೆನೆದು ನಮಗೂ ಕರುಳು ಚುರುಕ್ ಎಂದಿದೆ. ಆದರೆ ಎಂಥ ಮಾಯಾವಿ ದನಿಗೂ ಕರೆ ಮಾಡಲು ಒಂದು ಸಿಮ್ ಬೇಕು, ಸಿಮ್ಮಿಗೆ ಒಂದು ಹೆಬ್ಬೆರಳು ಬೇಕು. ಆ ಹೆಬ್ಬೆರಳು ಸಿಕ್ಕಿದ್ದು ಯಾವುದೋ ಪಾತಾಳದಲ್ಲಲ್ಲ, ತಮ್ಮ ಮೈಕಿನಿಂದ ಹತ್ತು ಮಾರು ದೂರದಲ್ಲಿ. ತಮ್ಮ ಜಾಣ ಯಂತ್ರ ಅದನ್ನು ಹಿಡಿಯಿತೇ? ಹೇಗೆ ಹಿಡಿದೀತು? ಒಬ್ಬ ಹೆಂಗಸು, ಎರಡು ನಂಬರು, ಅದರ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿದೆ. ಕೂಗಿ ಹೇಳಿದವಳು ಅದಕ್ಕೆ ಕಳ್ಳಿಯಾಗಿ ಕಂಡಳು, ಸದ್ದಿಲ್ಲದೆ ಕದ್ದವರು ಸಾಚಾ ಆಗಿ ಕಂಡರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಬರೆ ಹಾಕಿದ್ದಷ್ಟೇ ಅಲ್ಲ, ಆ ಬರೆಯನ್ನೇ ತೋರಿಸಿ ಜ್ವರ ಇದ್ದದ್ದು ಎಮ್ಮೆಗೇ ಎಂದು ಸಾಧಿಸುತ್ತಿದ್ದಾರೆ. ಇವಳು ಮೊದಲೇ ಜಾಲದವಳು ಎಂದು ಸುರಕ್ಷತಾ ಕಚೇರಿಯ ದಾಖಲೆಯಲ್ಲಿದೆಯಲ್ಲ ಎಂದು ಆ ಠಾಣೆಯವರು ಈಗಾಗಲೇ ಕೇಳಿದ್ದಾರೆ.

ಶಿಬಿರದ ಮರುದಿನ ತಮ್ಮ ಕಚೇರಿ ಕೊಟ್ಟ ಫೋಟೋ ಪತ್ರಿಕೆಯಲ್ಲಿ ಬಂದಿತ್ತು. ಅದರಲ್ಲಿ ತಮ್ಮ ಒಂದು ಕೈಯಲ್ಲಿ ಮೈಕಿದೆ, ಇನ್ನೊಂದು ಕೈ ಹಳದಿ ಛತ್ರಿಯ ಕಡೆ ಚಾಚಿದೆ. ಛತ್ರಿಯ ಕೆಳಗೆ ಬಾಗಿ ಸೆರಗಿಗೆ ಹೆಬ್ಬೆರಳು ಒರೆಸಿಕೊಳ್ಳುತ್ತಿರುವಾಕೆ ಸುಶೀಲವ್ವ. ಅಲ್ತಾಫನ ಅಂಗಡಿಯಿಂದ ಆ ಠಾಣೆಗೆ ಫೋನ್ ಮಾಡಿ ಈ ಫೋಟೋ ತರುತ್ತೇವೆ ಎಂದೆ. ಅಲ್ಲಿನ ಸಾಹೇಬರು ನಕ್ಕರು. ಈಗ ಯಂತ್ರ ಯಾವ ಫೋಟೋ ಬೇಕಾದರೂ ಮಾಡಿಕೊಡುತ್ತದೆ, ಅದನ್ನು ನಂಬಲಾಗದು, ಆ ಅಧಿಕಾರಿಯಿಂದಲೇ ಬರೆಸಿಕೊಂಡು ಬನ್ನಿ ಎಂದರು. ತಾವು ನರಗುಂದದಲ್ಲಿ ಕಲಿಸಿದ ಪಾಠವನ್ನೇ ಅವರು ನನಗೆ ಒಪ್ಪಿಸಿದರು. ಖರೆಯ ಫೋಟೋಕ್ಕೂ ಬೆಲೆಯಿಲ್ಲದ ಹಾಗೆ ಹೆದರಿಸಿದವರು ತಾವು. ಈಗ ತಮ್ಮ ಬಾಯಿಮಾತೊಂದೇ ಉಳಿದಿದೆ.

ಅದನ್ನೇ ಕೇಳುತ್ತಿದ್ದೇನೆ. ಶಿಬಿರ ನಮ್ಮದು, ಛತ್ರಿ ನಿಂತದ್ದು ನಮ್ಮ ಒಪ್ಪಿಗೆಯಿಂದ, ಅಲ್ಲಿಗೆ ಹೋಗಿ ಎಂದವನು ನಾನೇ ಎಂದು ಸೋಮವಾರಕ್ಕೆ ಮೊದಲು ಬರೆದು ಸಹಿ ಹಾಕಿ ಕೊಡಿ. ಕೆಂಪು ಚುಕ್ಕೆ ಸುಳ್ಳಾಗಿತ್ತು ಎಂದು ಅದೇ ನರಗುಂದದ ಸಭಾಭವನದಲ್ಲಿ, ಅದೇ ಮೈಕಿನಲ್ಲಿ ಹೇಳಿ. ಇನ್ನು ಮುಂದೆ ಯಂತ್ರ ಯಾರನ್ನಾದರೂ ಕಳ್ಳರೆಂದರೆ, ನಂಬರು ಬಂದ್ ಮಾಡುವ ಮೊದಲು ಒಬ್ಬ ಮನುಷ್ಯನನ್ನು ಅವರ ಬಾಗಿಲಿಗೆ ಕಳಿಸಿ. ಹಾಗೆ ಬಂದಿದ್ದರೆ ಸುಶೀಲವ್ವನ ಕಟ್ಟೆಯ ಮೇಲೆ ಅವನಿಗೆ ಚಹಾ ಸಿಗುತ್ತಿತ್ತು, ಸತ್ಯವೂ ಸಿಗುತ್ತಿತ್ತು.

ನಿನ್ನೆ ಸುಶೀಲವ್ವ ಠಾಣೆಗೆ ಉಟ್ಟುಕೊಂಡು ಹೋಗುವ ಸೀರೆಯನ್ನು ಒಗೆದು ಹರವುತ್ತಿದ್ದಳು. ಸಾಹೇಬರಿಗೆ ಪತ್ರ ಬರೆಯುತ್ತೇನೆ ಎಂದೆ. ಅವಳು ತಿರುಗಿ ನೋಡದೆ ಹೇಳಿದಳು: "ಬರೀಪಾ. ಊರ ಮಂದೀದೆಲ್ಲಾ ನಾ ಕೂಗಿ ಹೇಳಿದೆ. ನನ್ನ ಸಲುವಾಗಿ ಒಬ್ರೂ ಕೂಗವಲ್ರು."

ಇಂತಿ,
ತಮ್ಮ ನಕ್ಷೆಯ ಕೆಂಪು ಚುಕ್ಕೆಯೊಳಗಿನಿಂದ ಕೂಗುತ್ತಿರುವ,
ಪ್ರಭುಲಿಂಗಪ್ಪ
ಹಿಟ್ಟಿನ ಗಿರಣಿ, ಮುಶಿಗೇರಿ
(ಮೊಬೈಲ್ ನಂಬರು: ಸದ್ಯ ಬಂದ್ ಇದೆ. ಕಾರಣ ತಮಗೆ ಗೊತ್ತು.)