ಕಚ್ಚಾ ಹೊಲಿಗೆ

ಶುಕ್ರವಾರ, ಮಧ್ಯಾಹ್ನ

ನನ್ನ ಅಕ್ಕನಿಗೆ,

ಎದುರಿನ ಕನ್ನಡಕದಂಗಡಿಯವರ ಪ್ಯಾಂಟಿನ ಗುಟ್ಟು ನನಗೆ ಮೊದಲಿನಿಂದಲೂ ಗೊತ್ತು. ಇಷ್ಟು ದಿನ ಬಾಯಿ ಬಿಡಲಿಲ್ಲ, ಅಷ್ಟೇ. ಮುಖಾಮುಖಿ ಹೇಳಿದರೆ ನೀನು ಒಲೆಯ ಮೇಲೆ ಏನೋ ಇದೆಯೆಂದು ಎದ್ದು ಹೋಗುತ್ತೀಯ. ಅದಕ್ಕೇ, ನೀನು ಕೆಳಗೆ ಅಂಗಡಿಯಲ್ಲಿರುವಾಗ ಮೇಲಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ.

ನಮ್ಮ ಅಂಗಡಿಯಲ್ಲಿ ಹಳೆಯ ಹೊಲಿಗೆ ಬಿಚ್ಚುವವಳು ನಾನು. ಸವೆದು ಹರಿದ ದಾರದ ತುದಿ ನಾರುನಾರಾಗಿರುತ್ತದೆ. ಬ್ಲೇಡಿನಲ್ಲಿ ಕೊಯ್ದದ್ದು ನುಣ್ಣಗಿರುತ್ತದೆ. ಅವರು ಮತ್ತೆ ಮತ್ತೆ ತರುವ ಆ ಬೂದು ಪ್ಯಾಂಟಿನ ಕಾಲಂಚು ತಾನಾಗಿ ಬಿಚ್ಚಿಕೊಂಡದ್ದಲ್ಲ. ಕೊಯ್ದುಕೊಂಡೇ ಬರುತ್ತಿದ್ದರು. ಆಮೇಲಾಮೇಲೆ ಆ ಕಷ್ಟವನ್ನೂ ನೀನೇ ತಪ್ಪಿಸಿದೆ. ಊರವರ ಬಟ್ಟೆಗೆಲ್ಲ ಎರಡೆರಡು ಸಲ ಮೆಷಿನ್ ಓಡಿಸುವ ನನ್ನಕ್ಕ, ಅವರ ಪ್ಯಾಂಟಿಗೆ ಮಾತ್ರ ಎಳೆದರೆ ಬರುವ ಕಚ್ಚಾ ಹೊಲಿಗೆ ಹಾಕಿ ಕಳಿಸಿದಳು! ನಗು ತಡೆಯಲು ಹೋಗಿ ಬೆರಳಿಗೆ ಸೂಜಿ ಚುಚ್ಚಿಕೊಂಡೆ.

ಮೊನ್ನೆ ಅವರು ಮದುವೆಯ ಮಾತೆತ್ತಿದಾಗ ನಾನು ಪರದೆಯ ಹಿಂದೆ ಇಸ್ತ್ರಿ ಮಾಡುತ್ತಿದ್ದೆ. "ತಂಗಿ ಒಂದು ದಡ ಸೇರ್ಲಿ, ಆಮೇಲೆ ನೋಡೋಣ" ಅಂದೆ ನೀನು. "ಕಾಯ್ತೀನಿ ಬಿಡಿ. ಎಲ್ಲಿವರೆಗೆ ಅಂತ ಹೇಳಿದ್ರೆ ಸಾಕು" ಅಂದರು ಅವರು. ನೀನು ಮೆಷಿನ್ ಓಡಿಸತೊಡಗಿದೆ. ನನ್ನಂಥವಳು ದಡ ಸೇರುವುದನ್ನು ಕಾದರೆ ನಿನ್ನ ಮದುವೆ ಆದಂತೆಯೇ!

ಅಪ್ಪ ತೀರಿಕೊಂಡ ಮೇಲೆ ಅತ್ತಿಗೆ ನಮ್ಮ ಕೋಣೆಯ ಬೀಗ ಬದಲಿಸಿದ ದಿನ ನೆನಪಿದೆಯಾ? "ನೀನಾದ್ರೆ ಹೊಲ್ಕೊಂಡು ಬದುಕ್ತೀಯ. ಸ್ಕೂಲು ಬಿಟ್ಟ ಈ ಕೋತೀನ ಯಾರ ತಲೆಗೆ ಕಟ್ತೀಯ?" ಎಂದು ಕೇಳಿದ್ದರು. ಅಣ್ಣ ಗೋಡೆ ನೋಡುತ್ತ ನಿಂತಿದ್ದ. ನೀನು ಮಾತ್ರ, "ಮೆಷಿನ್ನೂ ನಂದು, ಕೋತೀನೂ ನಂದು. ಎರಡನ್ನೂ ಕರ್ಕೊಂಡು ಹೋಗ್ತೀನಿ" ಅಂದೆ. ಆ ಒಂದು ಮಾತು ನನ್ನನ್ನು ಇಲ್ಲಿಯವರೆಗೆ ಸಾಕಿದೆ ಅಕ್ಕ. ಶಾಲೆ ಯಾಕೆ ಬಿಟ್ಟೆ ಎಂದು ನೀನು ಒಮ್ಮೆಯೂ ಚುಚ್ಚಲಿಲ್ಲ. ಕೈಗೆ ಕತ್ತರಿ ಕೊಟ್ಟೆ. ನಾನು ಯಾರದೋ ಕೋಟಿಗೆ ಎಡತೋಳನ್ನು ಬಲಕ್ಕೆ ಹೊಲಿದಾಗ ಬೈಸಿಕೊಂಡವಳೂ ನೀನೇ. ಹೊಸದಾಗಿ ಬದುಕು ಕಟ್ಟಿಕೊಂಡೆವು ಅನ್ನುತ್ತೇವಲ್ಲ, ಕಟ್ಟಿದವಳು ನೀನು. ನಾನು ಒಳಗೆ ಬೆಚ್ಚಗಿದ್ದೆ.

ಊರೂರು ಸುತ್ತುವ ನಾಟಕ ಕಂಪನಿಯೊಂದರಲ್ಲಿ ಉಡುಪು ಹೊಲಿಯುವ ಕೆಲಸ ಸಿಕ್ಕಿದೆ. ತ್ಯಾಗ ಗೀಗ ಎಂದು ಅಳಬೇಡ. ಒಂದೇ ಕಿಟಕಿಯಿಂದ ಒಂದೇ ಬೀದಿ ನೋಡಿ ನನಗೆ ಸಾಕಾಗಿದೆ, ಅದೂ ನಿಜ. ನೀನು ಕಲಿಸಿದ ಕೈಕೆಲಸ ನೋಡಿಯೇ ಅವರು ಒಪ್ಪಿದ್ದು.

ಇನ್ನು ಕನ್ನಡಕದಂಗಡಿಯವರಿಗೆ ಉತ್ತರ ಕೊಡು. ಒಪ್ಪಿಗೆ ಇಲ್ಲದಿದ್ದರೆ ಇಲ್ಲವೆನ್ನು, ಬೇಸರವಿಲ್ಲ. ಆದರೆ ನನ್ನನ್ನು ಮುಂದೆ ಮಾಡಿ ಮಾತ್ರ ಹೇಳಬೇಡ.

ನಿನ್ನ ಉಪ್ಪು ತಿಂದು ಬೆಳೆದ,
ಕೋತಿ

ಇನ್ನೊಂದು ಮಾತು: ಕಂಪನಿಯವರು ಹಿಂದೆಯೂ ಎರಡು ಸಲ ಕರೆದಿದ್ದರು. ಎರಡು ಸಲವೂ, ಅಕ್ಕ ಬಿಡುವುದಿಲ್ಲ ಎಂದುಬಿಟ್ಟೆ. ನಿನ್ನನ್ನು ಕೇಳಿಯೇ ಇರಲಿಲ್ಲ. ಬಿಟ್ಟಿರಲಾರದವಳು ನಾನು. ನಾಳೆ ಬೆಳಗಿನ ರೈಲಿಗೆ ಹೊರಡುತ್ತೇನೆ.