ಹೊನ್ನಿಕಟ್ಟೆಯನ್ನು ಬಿಟ್ಟ ಒಪ್ಪಂದ

ಯಾದವಗಿರಿ, ಮೈಸೂರು
೧೮ ನವೆಂಬರ್ ೨೦೦೧

ಶ್ರೀ ವೃಷಭೇಂದ್ರಪ್ಪನವರಿಗೆ,

ಗಂಡನ ಹೆಸರು ಬರೆಯಬಾರದೆಂದು ಅಮ್ಮ ಹೇಳಿಕೊಟ್ಟಿದ್ದರು. ಇವತ್ತು ಬರೆದೇಬಿಟ್ಟೆ. ಬೆಂಗಳೂರಿನಲ್ಲಿ ಬೇರೆ ಮನೆ ಮಾಡಿದ ಮೇಲೆ ನಿಮ್ಮ ಆರೋಗ್ಯ ಹೇಗಿದೆ ಎಂದು ಕೇಳುವುದಿಲ್ಲ. ಪೇಪರಿನ ಫೋಟೋದಲ್ಲಿ ಮೈ ತುಂಬಿಕೊಂಡು ಚೆನ್ನಾಗಿಯೇ ಇದ್ದೀರಿ.

ಕರ್ನಾಟಕ, ಕೇರಳ, ತಮಿಳುನಾಡು ಸೇರಿ ಪ್ರವಾಸಿ ತಾಣಗಳನ್ನು ಹಾಳಾಗದಂತೆ ಕಾಪಾಡುವ ಒಪ್ಪಂದ, ಅದಕ್ಕೆ ನೀವೇ ಸಂಚಾಲಕರು. ಅದು ಶುರುವಾದದ್ದು ಈ ಮನೆಯ ಪಂಕ್ತಿಯಲ್ಲಿ. ಮೂರೂ ಕಡೆಯ ಶಾಸಕರು ಮುಖ ಊದಿಸಿಕೊಂಡು ಕೂತಿದ್ದರು. ಮಜ್ಜಿಗೆ ಅನ್ನ ಬರುವ ತನಕ ಯಾರೂ ಕಾವೇರಿ ಮಾತೆತ್ತಬಾರದು ಅಂತ ಸೌಟು ಹಿಡಿದುಕೊಂಡೇ ಹೇಳಿದೆ. ಒಬ್ಬಟ್ಟು ಮುಗಿಯುವುದರೊಳಗೆ ಕೆರೆ, ಕಾಡುಗಳ ಪಕ್ಕ ಹೋಟೆಲು ಕಟ್ಟಬಾರದೆಂದು ಒಪ್ಪಿಬಿಟ್ಟರು. ಆ ದಿನ ನಿಮ್ಮ ಮೇಲೆ ಎಷ್ಟು ಹೆಮ್ಮೆಯಿತ್ತು ನನಗೆ!

ಅದೇ ಹುಮ್ಮಸ್ಸಿನಲ್ಲಿ ಹೂಟಗಳ್ಳಿ ಆಚೆಯ ಹೊನ್ನಿಕಟ್ಟೆಗೆ ಹೋದೆ. ಕೆರೆಗೆ ಬಲೆ ಹಾಕಬೇಡಿ, ಎಮ್ಮೆ ಇಳಿಸಬೇಡಿ, ಹಕ್ಕಿ ಬಂದರೆ ನೋಡುವವರು ಬರುತ್ತಾರೆ, ನಿಮ್ಮ ಮನೆಗಳಲ್ಲೇ ಉಳಿದು ಉಣ್ಣುತ್ತಾರೆ ಎಂದು ಹೆಂಗಸರನ್ನು ಒಪ್ಪಿಸಿದೆ. ತಿಮ್ಮಮ್ಮ ಎಲ್ಲರಿಗಿಂತ ಮೊದಲು ಬಲೆ ಸುತ್ತಿ ಅಟ್ಟಕ್ಕೆ ಹಾಕಿದಳು. ಎರಡು ವರ್ಷ ಹೊಟ್ಟೆ ಕಟ್ಟಿ ಕಾದರು. ಹಕ್ಕಿಗಳೂ ಬಂದವು. ಹಿಂದೆಯೇ ರೆಸಾರ್ಟ್ ಕಟ್ಟಲು ನಿಮ್ಮ ಅಣ್ಣನ ಬುಲ್ಡೋಜರೂ ಬಂತು.

ಹೊನ್ನಿಕಟ್ಟೆಯನ್ನು ಒಪ್ಪಂದದ ಪಟ್ಟಿಯಿಂದ ಕೈಬಿಟ್ಟವರು ನೀವೇ ಎಂದು ಆಮೇಲೆ ತಿಳಿಯಿತು. ನಿನ್ನೆ ತಿಮ್ಮಮ್ಮ ಬಂದಿದ್ದಳು. ‘ನಿಮ್ಮ ಮಾತ್ ಕೇಳ್ಕಂಡು ನಾವೇ ಕೆರೆ ಬುಟ್ಟೋ ಕಣಮ್ಮ. ಈಗ ಕೆರೆ ತಾವ್ಕೇ ಬುಡಾಕಿಲ್ಲ ಅಂತವ್ರೆ’ ಅಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕೊಟ್ಟ ಕಾಫಿ ಮುಟ್ಟದೆ ಎದ್ದು ಹೋದಳು.

ನಾಳಿದ್ದು ಸಹಿ ಹಾಕುವ ಸಮಾರಂಭದಲ್ಲಿ ನಾನು ನಿಮ್ಮ ಪಕ್ಕ ಕೂರಬೇಕೆಂದು ಹೇಳಿಕಳಿಸಿದ್ದೀರಿ. ನಾವು ಬೇರೆಯಾಗಿರುವುದು ಜನಕ್ಕೆ ಗೊತ್ತಾಗಬಾರದಲ್ಲ! ನಾನು ಬರುವುದಿಲ್ಲ. ಆ ಕೆರೆ ಒಪ್ಪಂದಕ್ಕೆ ಸೇರದೆ ನಿಮ್ಮ ಮುಖವನ್ನೂ ನೋಡುವುದಿಲ್ಲ. ಉಳಿದ ಎರಡು ರಾಜ್ಯದವರಾದರೂ ನಿಮ್ಮನ್ನು ಕೇಳಿಯಾರು ಎಂಬ ಆಸೆ ನನಗಿದೆ.

ಇಷ್ಟೇ,
ಸರ್ವಮಂಗಳಾ

ಮತ್ತೊಂದು ಮಾತು: ಕಾಗದ ಅಂಟಿಸುವ ಮುಂಚೆ ಆ ಎರಡು ರಾಜ್ಯದ ಶಾಸಕರಿಗೂ ಫೋನ್ ಮಾಡಿದೆ. ನಿಮ್ಮ ಅಣ್ಣನ ವಿಷಯ ಕೇಳಿ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಅವರ ಕಡೆಯೂ ಒಂದು ಬೆಟ್ಟ, ಒಂದು ಹೊಳೆದಂಡೆ ತಮ್ಮವರಿಗಾಗಿ ಹೀಗೇ ಬಿಟ್ಟಿದ್ದಾರಂತೆ. ನಿಮ್ಮದಕ್ಕೆ ಅವರು, ಅವರದಕ್ಕೆ ನೀವು ಬಾಯಿ ಮುಚ್ಚಿಕೊಂಡಿರುವುದೆಂದು ಮಾತಾಗಿದೆಯಂತೆ. ಕೇಳುವವರು ಯಾರೂ ಇಲ್ಲವೆಂದಾಯಿತು. ನಾಳಿದ್ದು ಬುಲ್ಡೋಜರ್ ಮುಂದೆ ತಿಮ್ಮಮ್ಮನ ಜೊತೆ ನಾನೂ ಕೂರುತ್ತೇನೆ. ನಾನು ಯಾರ ಹೆಂಡತಿ ಅಂತ ಪೇಪರಿನವರಿಗೆ ಹೇಳಿಯಾಗಿದೆ.